ಡಿ ವಿಲಿಯರ್ಸ್ ವಂಶವೃಕ್ಷ ಮುತ್ತಜ್ಜನ ಹತ್ತಿರ ನಿಂತುಹೋಗಿದೆ, ಸಹಾಯ ಮಾಡಿ

ಶರಾವತಿ_ತೀರ: ತಲೆ ಕೆಟ್ಟುಹೋಗಿದೆ. ಮಗಳು ಕೇಪ್‌ಟೌನ್‌ನಲ್ಲಿದ್ದಾಳೆ, ಅಳಿಯನ ಮನೆಹೆಸರು ಡಿ ವಿಲಿಯರ್ಸ್. ಅವನ ಮುತ್ತಜ್ಜನವರೆಗೆ ಸಲೀಸಾಗಿ ಬಂತು. ಅಲ್ಲಿಂದ ಮೇಲೆ ಹಳೇ ದಾಖಲೆಗಳಲ್ಲಿ ಹೆಸರು ಹುಡುಕಿದರೆ ಒಂದೋ ಏನೂ ಬರುವುದಿಲ್ಲ, ಇಲ್ಲ ರಾಶಿ ಬರುತ್ತದೆ. ಏನು ಮಾಡಲಿ?

ಬೇರುಹುಡುಕ: ಸೌಂಡೆಕ್ಸ್ (ಹೆಸರನ್ನು ಉಚ್ಚಾರದ ಮೇಲೆ ಕೋಡ್ ಮಾಡಿ ಹುಡುಕುವ ಪದ್ಧತಿ) ಸಮಸ್ಯೆ, ನೂರಕ್ಕೆ ನೂರು. ಅದು ಮೊದಲ ಅಕ್ಷರ ಉಳಿಸಿಕೊಂಡು ಮಿಕ್ಕಿದ್ದನ್ನು ಅಂಕಿ ಮಾಡುತ್ತದೆ. ‘ಡಿ’ ಸೇರಿಸಿದರೆ ಡಿ146, ಬಿಟ್ಟರೆ ವಿ462. ಎರಡರಲ್ಲೂ ಹುಡುಕಿ.

ಶರಾವತಿ_ತೀರ: ಹುಡುಕಿದೆ. ಅದೇ ಕಥೆ.

ಬೇರುಹುಡುಕ: ಹಾಗಾದರೆ ವಂಶವೃಕ್ಷದ ಸಾಫ್ಟ್‌ವೇರ್ ಗ್ರಾಂಪ್ಸ್‌ನಲ್ಲಿ ‘ಡಿ’ಯನ್ನು ಪ್ರಿಫಿಕ್ಸ್ ಖಾನೆಗೆ ಹಾಕಿಲ್ಲ ನೀವು.

ಶರಾವತಿ_ತೀರ: ಗ್ರಾಂಪ್ಸ್ ಅಂತ ನಾನು ಯಾವಾಗ ಹೇಳಿದೆ? ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ.

ಬೇರುಹುಡುಕ: ಎಕ್ಸೆಲ್ಲಾ?! ದೇವರೇ.

ಕೆಂಪು_ಜೆರ್ಸಿ: ಎಬಿಡಿ ನೆಂಟರಾ ನೀವು! ನಮ್ಮ ಫಾಫ್ ಡು ಪ್ಲೆಸಿ ಹೆಸರೂ ಫ್ರೆಂಚ್ ಅಲ್ವಾ? ಇಬ್ಬರೂ ಪ್ರಿಟೋರಿಯಾದಲ್ಲಿ ಒಂದೇ ಸ್ಕೂಲು, ಆಮೇಲೆ ಆರ್‌ಸಿಬಿ.

ಹಳೆ_ಕಡತ: ಫ್ರೆಂಚೇ. 1685ರಲ್ಲಿ ಫ್ರಾನ್ಸ್ ರಾಜ 14ನೇ ಲೂಯಿ, ಪ್ರಾಟೆಸ್ಟೆಂಟರಿಗೆ ರಕ್ಷಣೆ ಕೊಟ್ಟಿದ್ದ ನಾಂಟ್ ಶಾಸನ ರದ್ದು ಮಾಡಿದ ಮೇಲೆ ಪ್ರಾಟೆಸ್ಟೆಂಟರು ದೇಶ ಬಿಟ್ಟರು. ಅವರಲ್ಲಿ ಸ್ವಲ್ಪ ಜನರನ್ನು ಡಚ್ ಈಸ್ಟ್ ಇಂಡಿಯಾ ಕಂಪನಿ 1688-89ರ ಸುಮಾರಿಗೆ ಕೇಪ್‌ಗೆ ಕಳಿಸಿತು. ಡು ಪ್ಲೆಸಿಗಳ ಮೂಲಪುರುಷ ಜಾನ್ ಪ್ರಿಯರ್ ಡು ಪ್ಲೆಸಿ, ಶಸ್ತ್ರವೈದ್ಯ. ಡಿ ವಿಲಿಯರ್ಸ್ ಅಣ್ಣತಮ್ಮಂದಿರು ಮೂವರು: ಪಿಯರ್, ಅಬ್ರಹಾಂ, ಜಾಕ್. 1689ರಲ್ಲಿ ಬಂದರು, ಫ್ರಾನ್ಸ್‌ಹುಕ್ ಕಡೆ ದ್ರಾಕ್ಷಿ ಬೆಳೆದರು. ಬಂದವರು ಕೆಲವೇ ಮನೆಯವರು, ಮಕ್ಕಳು ಮಾತ್ರ ಮನೆ ತುಂಬಾ. ಅದಕ್ಕೇ ಇವತ್ತು ಈ ಹೆಸರು ಅಲ್ಲಿ ಇಷ್ಟು ಜಾಸ್ತಿ. ಬರೆದುಕೊಂಡವರು ಡಚ್ ಗುಮಾಸ್ತರು, ಕಿವಿಗೆ ಬಿದ್ದಂತೆ ಬರೆದರು. ವಿಲಿಯೋಂ ಹೋಗಿ ಫಿಲ್ಯೂನ್ ಆಯಿತು, ಕ್ರೋನಿಯೇ ಹೋಗಿ ಕ್ರೋನ್ಯೆ.

ಕೆಂಪು_ಜೆರ್ಸಿ: ಆಸ್ಟ್ರೇಲಿಯಾ ಬ್ಯಾಟರ್ ಲಬುಶೇನ್ ಹೆಸರು ಕೂಡ ಹಾಗೇನಾ?

ಬೇರುಹುಡುಕ: ಅದು ಲಬುಶೇನ್ ಅಲ್ಲ, ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಲ್ಲಿ ಲಬುಸ್ಕಾಖ್ನಿ.

ಕೆಂಪು_ಜೆರ್ಸಿ: ಅವನೇ ಲಬುಶೇನ್ ಅಂತಾನೆ. ನಿಮ್ಮದೇನು ಸ್ವಾಮಿ?

ಹಳೆ_ಕಡತ: ಅದು ಬಿಡಿ. ಮೇಡಂ, ಮುತ್ತಜ್ಜನ ಹೆಸರು, ಊರು ಹೇಳಲೇ ಇಲ್ಲವಲ್ಲ?

ಶರಾವತಿ_ತೀರ: ಪೀಟರ್. ಪಾರ್ಲ್. ಬರೆದಿದ್ದೆ ಅಂದುಕೊಂಡಿದ್ದೆ.

ಹಳೆ_ಕಡತ: ಪಾರ್ಲ್‌ನ ಪೀಟರ್ ಡಿ ವಿಲಿಯರ್ಸ್ ಎಂದರೆ ಮಂಡ್ಯದಲ್ಲಿ ಸಿದ್ದೇಗೌಡರ ಮನೆ ಕೇಳಿದಂತೆ. ಅಲ್ಲಿನ ರೂಢಿಯಲ್ಲಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯದಕ್ಕೆ ತಾಯಿಯ ತಂದೆಯದು. ಹಾಗಾಗಿ ದಾಯಾದಿಗಳೆಲ್ಲ ಪೀಟರೇ. ಕೇಪ್‌ಟೌನ್ ಆರ್ಕೈವ್ಸ್‌ನಲ್ಲಿ ಅವರ ಡೆತ್ ನೋಟಿಸ್ (ಸತ್ತ ಮೇಲೆ ಮನೆಯವರು ಸರ್ಕಾರಕ್ಕೆ ತುಂಬಿ ಕೊಡುವ ಫಾರಂ) ತೆಗೆಸಿ. ತಂದೆತಾಯಿ, ಹೆಂಡತಿ, ಮಕ್ಕಳ ಹೆಸರು ಬರೆಯುವ ಜಾಗ ಅದರಲ್ಲಿ ಇರುತ್ತದೆ. ಸಿಕ್ಕವರಿಗೆಲ್ಲ ಡಿ ವಿಲಿಯರ್ಸ್-ಪಾಮಾ ಪದ್ಧತಿಯಲ್ಲಿ ನಂಬರ್ ಕೊಡಿ: ಮೂಲಪುರುಷ ಎ, ಮಕ್ಕಳು ಬಿ1, ಬಿ2, ಮೊಮ್ಮಕ್ಕಳು ಸಿ1, ಸಿ2. ಆಗ ಯಾವ ಪೀಟರ್ ಅಂತ ಗೊಂದಲ ಇಲ್ಲ.

ಬೇರುಹುಡುಕ: ಡೆತ್ ನೋಟಿಸ್ ನಂಬಬೇಡಿ. ದುಃಖದಲ್ಲಿರುವ ಮನೆಯವರು ಹೇಳಿದ್ದು ಅದು. ನನ್ನ ಹತ್ತಿರ ಎರಡು ಮಾನಿಟರ್, ಬುಕ್ ಸ್ಕ್ಯಾನರ್, ಬ್ಯಾಕಪ್‌ಗೆ ಬೇರೆ ಸರ್ವರ್ ಇದೆ. ಚರ್ಚ್ ರಿಜಿಸ್ಟರ್ ಬಿಟ್ಟು ಬೇರೇನೂ ಒಳಗೆ ಬಿಡುವುದಿಲ್ಲ.

ಹಳೆ_ಕಡತ: ಸರ್ವರ್ ಇದ್ದರೆ ಪೀಟರ್ ಸಿಗುತ್ತಾನಾ?

ಶರಾವತಿ_ತೀರ: ಅಳಿಯ ಹೋಗಿ ನೋಟಿಸ್ ಫೋಟೊ ತೆಗೆದು ಕಳಿಸಿದ್ದಾನೆ. ತಂದೆಯ ಹೆಸರಿನ ಮೇಲೆ ಮಸಿ ಚೆಲ್ಲಿದೆ! ತಾಯಿಯ ಹೆಸರು ಓದಲು ಬರುತ್ತದೆ, ತವರಿನ ಹೆಸರು ಜೂಬರ್ಟ್.

ಹಳೆ_ಕಡತ: ಅಷ್ಟು ಸಾಕು. ಅಲ್ಲಿನ ಹಳೇ ದಾಖಲೆಗಳಲ್ಲಿ ಹೆಂಗಸರನ್ನು ತವರಿನ ಹೆಸರಿನಲ್ಲೇ ಬರೆಯುತ್ತಿದ್ದರು. ಪೀಟರನನ್ನು ಬಿಡಿ, ಪಾರ್ಲ್ ಚರ್ಚಿನ ಮದುವೆ ಪುಸ್ತಕದಲ್ಲಿ ಡಿ ವಿಲಿಯರ್ಸ್ ಮನೆಗೆ ಬಂದ ಜೂಬರ್ಟ್ ಹುಡುಗಿಯನ್ನು ಹುಡುಕಿ. ಜೂಬರ್ಟ್ ಕೂಡ ಫ್ರೆಂಚ್ ಮನೆತನವೇ.

ಬೇರುಹುಡುಕ: ಜೂಬರ್ಟ್‌ಗೆ ಸೌಂಡೆಕ್ಸ್ ಜೆ163. ಸುಮ್ನೆ ಹೇಳಿದೆ.