ಕೌಂಟಿ ಕೃಷಿ ಏಜೆಂಟ್ ಊರು ಬಿಟ್ಟ ಮೇಲೆ ಅವರ ಕೆಲಸ ಏನಾಗುತ್ತಿತ್ತು?

ಪ್ರಶ್ನೆ: ಕಬ್ಬು ಬೆಳೆಗಾರ, ಪಾಂಡವಪುರ

ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಯವರಿಗೆ ವರ್ಗಾವಣೆಯಾಗಿದೆ. ಕೂಳೆ ಕಬ್ಬಿನ (ಕಟಾವಿನ ನಂತರ ಬುಡದಿಂದ ಮತ್ತೆ ಚಿಗುರುವ ಬೆಳೆಯ) ತರಗಿಗೆ ಬೆಂಕಿ ಹಾಕದೆ ಸಾಲುಗಳ ನಡುವೆ ಹೊದಿಸುವುದನ್ನು ನಮ್ಮ ಗದ್ದೆಗಳಲ್ಲೇ ಮಾಡಿ ತೋರಿಸಿದವರು ಅವರು. ಅವರು ಹೋದ ಮೇಲೆ ಈ ರೂಢಿ ಉಳಿದೀತೇ ಎಂಬ ಚಿಂತೆ ನಮ್ಮಲ್ಲಿ ಹಲವರಿಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹಳ್ಳಿಗಳಲ್ಲಿ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಕೃಷಿ ಏಜೆಂಟರು ಇದೇ ಬಗೆಯ ಕೆಲಸ ಮಾಡುತ್ತಿದ್ದರೆಂದು ಓದಿದ್ದೇನೆ. ಅವರು ಏಕೆ ಹೊರಡುತ್ತಿದ್ದರು, ಹೊರಟ ಮೇಲೆ ಏನು ಉಳಿಯುತ್ತಿತ್ತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಕೃಷಿ ವಿಸ್ತರಣಾ ಅಧ್ಯಾಪಕ, ಮೈಸೂರು

ಮೊದಲಿಗೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಅಧಿಕಾರಿಗಳು ರಾಜ್ಯ ಸರ್ಕಾರದ ಆದೇಶದಂತೆ ವರ್ಗವಾಗುತ್ತಾರೆ. ಅಲ್ಲಿ ಏಜೆಂಟರ ಉಳಿವು ಬಹುಮಟ್ಟಿಗೆ ಆ ಕೌಂಟಿಯ ಕೈಯಲ್ಲೇ ಇತ್ತು. ಕೃಷಿ ವಿಸ್ತರಣೆಗೆ ಕೇಂದ್ರದ ಹಣ ಒದಗಿಸಿದ 1914ರ ಸ್ಮಿತ್-ಲೀವರ್ ಕಾಯ್ದೆಯ ನಂತರ ಈ ಕೆಲಸಕ್ಕೆ ಕೇಂದ್ರ ಮತ್ತು ರಾಜ್ಯಗಳ ಹಣದೊಂದಿಗೆ ಕೌಂಟಿಯ ಪಾಲೂ, ಅನೇಕ ಕಡೆ ರೈತ ಸಂಘದ ವಂತಿಗೆಯೂ ಸೇರುತ್ತಿದ್ದವು. ಕೌಂಟಿ ಮಂಡಳಿ ತನ್ನ ಪಾಲನ್ನು ನಿಲ್ಲಿಸಿದರೆ ಏಜೆಂಟರು ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ, ಆಹಾರೋತ್ಪಾದನೆಯನ್ನು ಹೆಚ್ಚಿಸಲೆಂದು 1917ರಲ್ಲಿ ಬಂದ ತುರ್ತು ಅನುದಾನದಿಂದ ಏಜೆಂಟರ ಸಂಖ್ಯೆ ಬಹಳ ಏರಿತ್ತು. ಯುದ್ಧ ಮುಗಿದು ಆ ಹಣ ನಿಂತು, 1920ರ ಹೊತ್ತಿಗೆ ಬೆಳೆಗಳ ಬೆಲೆಯೂ ಕುಸಿದಾಗ, ತೆರಿಗೆಯ ಭಾರದಿಂದ ಬಳಲಿದ ರೈತರಲ್ಲಿ ಕೆಲವರು ತಾವಾಗಿಯೇ ಈ ಖರ್ಚು ಬೇಡವೆಂದರು.

ಏನು ಉಳಿಯುತ್ತಿತ್ತು ಎಂಬ ಪ್ರಶ್ನೆಗೆ ಏಜೆಂಟರ ಪದ್ಧತಿಗೆ ನಾಂದಿಯಾದ 1903ರ ಪ್ರಸಂಗವೇ ಉತ್ತಮ ಉತ್ತರವೆಂದು ನನ್ನ ಭಾವನೆ. ಹತ್ತಿಯ ಮೂತಿಹುಳು ಟೆಕ್ಸಸ್ಸನ್ನು ಕಂಗೆಡಿಸಿದ್ದಾಗ ಅಮೆರಿಕದ ಕೃಷಿ ಇಲಾಖೆಯ ಸೀಮನ್ ನ್ಯಾಪ್ ಅವರು ಟೆರೆಲ್ ಪಟ್ಟಣದ ಬಳಿ ಪ್ರಾತ್ಯಕ್ಷಿಕೆಯನ್ನು ಸರ್ಕಾರಿ ತಾಕಿನಲ್ಲಿ ನಡೆಸದೆ, ರೈತನೊಬ್ಬನ ಸ್ವಂತ ಹೊಲದಲ್ಲಿ, ಅವನ ಕೈಯಿಂದಲೇ ಮಾಡಿಸಿದರು. ನಷ್ಟವಾದರೆ ತುಂಬಿಕೊಡಲು ಊರಿನವರು ನಿಧಿಯೊಂದನ್ನು ಕೂಡಿಸಿದ್ದರು. ಆದರೆ ಆ ರೈತನಿಗೆ ಲಾಭವೇ ಆಯಿತು. ಏಜೆಂಟರು ಹೊರಟರೂ ಹೊಲ, ರೈತ, ಕಂಡ ಫಲ ಮೂರೂ ಊರಲ್ಲೇ ಇರುತ್ತವೆ. ಸಲಹೆ ಬರಿಯ ಸಭೆಯಲ್ಲೇ ಮುಗಿದಿದ್ದರೆ ಅದು ಅವರೊಂದಿಗೇ ಹೊರಟುಹೋಗುತ್ತದೆ.

ಉತ್ತರ: ಭತ್ತದ ಬೆಳೆಗಾರ್ತಿ, ಮದ್ದೂರು

ಸರ್ ಅವರ ಮಾತಿಗೆ ನಮ್ಮ ನಾಡಿನದೇ ನಿದರ್ಶನವಿದೆ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಅವರು ತಾಯ್ನಾಡಿಗೆ ಮರಳಿ ಎಷ್ಟೋ ದಶಕಗಳಾದರೂ ಮಲೆನಾಡಿನ ಬೆಳೆಗಾರರು ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಕೊನೆಗಳಿಗೆ ಹೊಡೆಯುತ್ತಲೇ ಇದ್ದಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಕೂಡ ಅವರ ಕಾಲದ್ದೇ. ಆದರೂ, ಸಂಸ್ಥೆಗಿಂತ ಕೂಲಿಯಾಳಿನ ಕೈಗೂ ಹತ್ತಿದ ಆ ರೂಢಿಯೇ ದೊಡ್ಡದೆಂದು ನಾನು ನಂಬಿದ್ದೇನೆ. ನಿಮ್ಮಲ್ಲಿ ತರಗು ಹೊದಿಸುವವರು ಹೆಚ್ಚಾಗಿ ಕಟಾವಿನ ಆಳುಗಳೇ ಆಗಿದ್ದರೆ, ಅಧಿಕಾರಿ ಹೊರಡುವ ಮೊದಲು ಅವರಿಗೂ ಒಮ್ಮೆ ಹೇಳಿಕೊಡಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಆಳುಗಳ ವಿಷಯ ನಮ್ಮ ಮನಸ್ಸಿಗೆ ಬಂದಿರಲಿಲ್ಲ. ಅಧಿಕಾರಿಯವರು ಈ ವಾರ ಇನ್ನೂ ಇಲ್ಲೇ ಇರುತ್ತಾರೆ; ಕಟಾವು ನಡೆಯುತ್ತಿರುವ ಗದ್ದೆಗೇ ಅವರನ್ನು ಕರೆದೊಯ್ಯುತ್ತೇವೆ.