ಸಹಾಯ ಬೇಕು: ಮಹಾಭಾರತದ ಪ್ರಸಂಗಗಳನ್ನು ಪೈಥಾನ್‌ನಲ್ಲಿ ಹೇಗೆ ಇಡಲಿ?

ನಮಸ್ಕಾರ, ಬಸವನಗುಡಿಯಿಂದ ಬರೀತಿದ್ದೀನಿ. ಪಂಪ, ರನ್ನ, ಕುಮಾರವ್ಯಾಸ ಮಹಾಭಾರತವನ್ನ ಹೇಗೆ ಬೇರೆಬೇರೆಯಾಗಿ ಹೇಳಿದ್ದಾರೆ ಅಂತ ಹೋಲಿಸೋ ಪ್ರೋಗ್ರಾಂ ಮಾಡ್ತಿದ್ದೀನಿ. ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕುಮಾರವ್ಯಾಸನಲ್ಲಿ ಐವರಿಗೂ ಹೆಂಡತಿ. ಇಂಥ ವ್ಯತ್ಯಾಸ ಥಟ್ಟನೆ ಸಿಗಬೇಕು, ಅದೇ ನನ್ನಾಸೆ.

ಮೊದಲು ಲಿಸ್ಟ್ ಬಳಸಿದೆ. ಪ್ರತಿ ಸಲ ಮೊದಲಿಂದ ಹುಡುಕುತ್ತೆ, ತುಂಬಾ ನಿಧಾನ. ಸೆಟ್‌ಗೆ ಬದಲಾಯಿಸಿದೆ, ವೇಗ ಬಂತು, ಕಥೆಯ ಕ್ರಮವೇ ಹೋಯ್ತು. ಪೈಥಾನ್ 3.7ರಿಂದ ಡಿಕ್ಷನರಿ ಸೇರಿಸಿದ ಕ್ರಮ ಉಳಿಸುತ್ತಲ್ಲ, ಈಗ ಅದರಲ್ಲಿ ಪ್ರತಿ ಪ್ರಸಂಗದ ಹೆಸರಿಗೆ ಅದರ ಪದ್ಯಸಂಖ್ಯೆ ಜೋಡಿಸಿ ಇಟ್ಟಿದ್ದೀನಿ.

ಸಿಕ್ಕಿಹಾಕಿಕೊಂಡಿರೋದು ರನ್ನನ ಹತ್ತಿರ. ಗದಾಯುದ್ಧದಲ್ಲಿ ಹಿಂದಿನ ಕಥೆಯೆಲ್ಲ ಸಿಂಹಾವಲೋಕನದಲ್ಲಿ, ಅಂದ್ರೆ ಹಿಂತಿರುಗಿ ನೋಡಿದ ಹಾಗೆ, ಬರುತ್ತೆ (ಎಷ್ಟು ಚೆಂದ ಅದು!). ನಡೆದ ಕ್ರಮ ಬೇರೆ, ಹೇಳಿದ ಕ್ರಮ ಬೇರೆ. ಒಂದೇ ಪ್ರಸಂಗ ಎರಡನೇ ಸಲ ಬಂದರೆ ಹಳೇ ಪದ್ಯಸಂಖ್ಯೆ ಅಳಿಸಿ ಹೊಸದು ಕೂರುತ್ತೆ.

ಪ್ರಸಂಗದ ಹೆಸರಿಗೆ ಪದ್ಯಸಂಖ್ಯೆಗಳ ಲಿಸ್ಟ್ ಇಟ್ಟರೆ ಎರಡೂ ಕ್ರಮ ಉಳಿಯುತ್ತಾ, ಇಲ್ಲ ಪ್ರಸಂಗಗಳನ್ನ ಕೊಂಡಿಗಳಿಂದ ಜೋಡಿಸೋ ಗ್ರಾಫೇ ಬೇಕಾ?