ಅಪ್‌ಡೇಟ್: ಹಗುರ ರೈಫಲ್‌ಗೆ ಕೊನೆಗೂ ತೋಟಾ ಆರಿಸಿದೆ

ಅಲಾಸ್ಕಾದ ಮೂಸ್ (ದೈತ್ಯ ಜಿಂಕೆ) ಬೇಟೆಗೆ ಹಗುರ ರೈಫಲ್ ಕೊಳ್ಳುವಾಗ .338 ವಿಂಚೆಸ್ಟರ್ ಮ್ಯಾಗ್ನಮ್ ತೋಟಾ ಒಳ್ಳೆಯದೋ, .35 ವೀಲನ್ ತೋಟಾ ಒಳ್ಳೆಯದೋ ಎಂದು ಕೇಳಿದ್ದೆನಲ್ಲ, ವೀಲನ್ನೇ ತೆಗೆದುಕೊಂಡೆ.

ಗೆಳೆಯನ .338 ಹಾರಿಸಿದ ಮೊದಲ ಗುಂಡಿಗೇ ತೀರ್ಮಾನವಾಯಿತು. ಮೂರು ಕಿಲೋ ಕೂಡ ತೂಗದ ಬಂದೂಕು ಭುಜಕ್ಕೆ ಒದ್ದ ರಭಸಕ್ಕೆ ಗುರಿ ನೋಡುವ ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ರಕ್ತ ಸುರಿಯಿತು. ಎರಡನೆಯ ಗುಂಡಿಗೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿದ್ದೆ. ಹೊತ್ತು ನಡೆಯಲು ಹಗುರವಾದದ್ದು ಹಾರಿಸುವಾಗ ಹಗುರವಲ್ಲ.

ವೀಲನ್ ಕೂಡ ಮೃದುವೇನಲ್ಲ, 250 ಗ್ರೇನ್ (ಸುಮಾರು 16 ಗ್ರಾಂ) ಗುಂಡು ತಾನೇ! ಆದರೆ ಸಹಿಸಬಹುದು. .30-06 ಎಂಬ ಹಳೆಯ ರೈಫಲ್ ತೋಟಾದ ಹಿತ್ತಾಳೆ ಕೇಸಿನ ಕತ್ತನ್ನೇ ಅಗಲಿಸಿ 1922ರಲ್ಲಿ ರೂಪಿಸಿದ ತೋಟಾ ಇದು. ಮ್ಯಾಗ್ನಮ್‌ಗಿಂತ ಸಪೂರ, ಹಾಗಾಗಿ ನನ್ನ ಮ್ಯಾಗಜೀನಿನಲ್ಲಿ ಮೂರರ ಬದಲು ನಾಲ್ಕು ಹಿಡಿಯುತ್ತವೆ. ಅಂಗಡಿಗಳಲ್ಲಿ ಮಾತ್ರ ಹುಡುಕಾಡಬೇಕು; ಸದ್ಯಕ್ಕೆ ಎರಡು ಪೆಟ್ಟಿಗೆ ಸಿಕ್ಕಿವೆ.